ಹನ್ನೆರಡರ ಹೊತ್ತಿಗೆ ಓದು ಬಿಟ್ಟ ಮಗಳು: ಮತ್ತೆ ಪುಸ್ತಕದ ಕಡೆಗೆ ತರುವುದು ಹೇಗೆ?

ಪ್ರಶ್ನೆ: ಹನುಮಂತನಗರದ ತಾಯಿ

ಎಲ್ಲರಿಗೂ ನಮಸ್ಕಾರ. ಮಕ್ಕಳ ಓದಿನ ಬಗ್ಗೆ ಅನುಭವವುಳ್ಳವರ ಸಲಹೆ ಬೇಕಾಗಿದೆ.

ನನ್ನ ಮಗಳು ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ ಏಳನೆಯ ತರಗತಿಯಲ್ಲಿದ್ದಾಳೆ. ಮನೆಮಾತು ಕನ್ನಡ. ಚಿಕ್ಕವಳಿದ್ದಾಗ ಮಲಗುವ ಮುನ್ನ ಕಥೆ ಓದಿ ಹೇಳದಿದ್ದರೆ ಹಟ ಮಾಡುತ್ತಿದ್ದಳು. ಕೂಡಿಸಿ ಓದಲು ಬಂದ ಮೇಲೆ ಚಿತ್ರಕಥೆಗಳನ್ನು ತಾನೇ ಹುಡುಕಿಕೊಂಡು, ಊಟದ ತಟ್ಟೆಯ ಪಕ್ಕದಲ್ಲೂ ಇಟ್ಟುಕೊಂಡು ಓದುತ್ತಿದ್ದಳು. ಐದನೆಯ ತರಗತಿ ಮುಗಿಯುವ ಹೊತ್ತಿಗೆ ಅದು ಕಡಿಮೆಯಾಗುತ್ತ ಬಂದು, ಈಗ ಪಠ್ಯಪುಸ್ತಕ ಬಿಟ್ಟರೆ ಬೇರೊಂದನ್ನು ಮುಟ್ಟುವುದಿಲ್ಲ. ಟ್ಯೂಷನ್, ಭರತನಾಟ್ಯದ ತರಗತಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಶಾಲಾ ವಾಹನದಲ್ಲಿ ಕಳೆಯುವ ಹೊತ್ತು, ಇವೆಲ್ಲ ಮುಗಿದು ಉಳಿಯುವ ಅಷ್ಟಿಷ್ಟು ಸಮಯವೂ ಫೋನಿಗೆ ಹೋಗುತ್ತದೆ.

ಶಾಲೆಯವರು ಓದಿನ ದಿನಚರಿಯೊಂದನ್ನು ಕೊಟ್ಟಿದ್ದಾರೆ. ಓದಿದ ಪ್ರತಿ ಪುಸ್ತಕದ ಸಾರಾಂಶ, ಮುಖ್ಯ ಪಾತ್ರಗಳು, ತಿಳಿದುಬಂದ ನೀತಿ, ಹೊಸದಾಗಿ ಕಲಿತ ಪದಗಳು, ಇಷ್ಟನ್ನೂ ಬರೆದು ಪೋಷಕರ ಸಹಿ ಹಾಕಿಸಿಕೊಂಡು ಹೋಗಬೇಕು. ಇದರಿಂದ ಅವಳು ಕಲಿತದ್ದು ಗ್ರಂಥಾಲಯದ ಅವಧಿಯಲ್ಲಿ ಎಲ್ಲಕ್ಕಿಂತ ತೆಳ್ಳಗಿನ ಪುಸ್ತಕವನ್ನು ಹುಡುಕುವುದನ್ನು. ಹಿಂಬದಿಯ ರಕ್ಷಾಪುಟದಲ್ಲಿರುವ ನಾಲ್ಕು ಸಾಲನ್ನೇ ಸಾರಾಂಶವಾಗಿ ಹಿಗ್ಗಿಸುವ ಕಲೆಯೂ ಅವಳಿಗೆ ಚೆನ್ನಾಗಿ ಒಲಿದಿದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಬೇಕೆನಿಸಿದಾಗ ತಾನೇ ಓದುತ್ತಾಳೆ, ಒತ್ತಾಯ ಬೇಡ ಎಂಬುದು ನಮ್ಮ ಯಜಮಾನರ ಮಾತು. ಓದುವುದಾದರೆ ಒಳ್ಳೆಯ ಸಾಹಿತ್ಯವನ್ನೇ ಓದಬೇಕೆಂದು ಮಾವನವರು ತಮ್ಮ ಬೀರುವಿನಿಂದ ದಪ್ಪ ದಪ್ಪ ಕಾದಂಬರಿಗಳನ್ನು ತೆಗೆದು ಅವಳ ಮೇಜಿನ ಮೇಲಿಡುತ್ತಾರೆ. ನನ್ನ ತಂಗಿಯಂತೂ ಒಂದು ಪುಸ್ತಕ ಮುಗಿಸಿದರೆ ನೂರು ರೂಪಾಯಿ ಎಂದು ತನ್ನ ಮಗನಿಗೆ ಗೊತ್ತುಮಾಡಿದ್ದಾಳೆ. ಅವನು ಓದುತ್ತಿದ್ದಾನೆ, ನೀನೂ ಹಾಗೇ ಮಾಡು ಎನ್ನುತ್ತಾಳೆ.

ಕನ್ನಡದ ಕಷ್ಟ ಇನ್ನೊಂದು ಬಗೆಯದು. ಮಾತಿನಲ್ಲಿ ಅವಳಿಗೆ ಯಾವ ತೊಡಕೂ ಇಲ್ಲ, ಅಜ್ಜಿಯ ಗಾದೆಗಳಿಗೆ ಎದುರು ಗಾದೆ ಹೇಳುವಷ್ಟು ಚುರುಕಾಗಿದ್ದಾಳೆ. ಪುಟ ತೆರೆದರೆ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ನಿಂತು, ತಡವರಿಸಿ, ಎರಡು ಪ್ಯಾರಾಕ್ಕೆ ಸುಸ್ತಾಗಿ ಮುಚ್ಚಿಡುತ್ತಾಳೆ.

ಇದನ್ನು ನಾನು ಅಂಕಗಳಿಗಾಗಿ ಕೇಳುತ್ತಿಲ್ಲ. ನಲವತ್ತರಲ್ಲೂ ಅರವತ್ತರಲ್ಲೂ ಯಾರೂ ಹೇಳದೆ ತಾನಾಗಿ ಪುಸ್ತಕ ಹಿಡಿಯುವ ಅಭ್ಯಾಸ ಅವಳಲ್ಲಿ ಉಳಿಯಬೇಕೆಂಬುದು ನನ್ನ ಆಸೆ. ಅದಕ್ಕೆ ಈಗ ಒತ್ತಾಯ ಮಾಡಬೇಕೆ, ಸುಮ್ಮನಿರಬೇಕೆ? ಮೊದಲು ಕನ್ನಡದ ಓದನ್ನು ಸರಿಪಡಿಸಬೇಕೆ, ಅಥವಾ ಇಂಗ್ಲಿಷ್ ಓದು ಮರಳಿ ಬಂದರೆ ಸದ್ಯಕ್ಕೆ ಸಾಕೆ?

ಉತ್ತರ: ನಿವೃತ್ತ ಗ್ರಂಥಪಾಲಕ, ಮಲ್ಲೇಶ್ವರ

ತಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು, ಆ ಮಗು ಏನು ಓದಬೇಕೆಂಬುದನ್ನು ಅವಳೊಬ್ಬಳ ಹೊರತು ಉಳಿದೆಲ್ಲರೂ ನಿರ್ಧರಿಸುತ್ತಿದ್ದಾರೆ ಎಂಬ ಸಂಗತಿ. ಶಾಲೆ ಲೆಕ್ಕ ಕೇಳುತ್ತಿದೆ, ತಾತ ಪಟ್ಟಿ ಕೊಡುತ್ತಿದ್ದಾರೆ, ಚಿಕ್ಕಮ್ಮ ದರ ನಿಗದಿ ಮಾಡಿದ್ದಾರೆ. ಅವಳು ತಾನೇ ಆರಿಸಿದ ಪುಸ್ತಕವೊಂದನ್ನು ಮನೆಗೆ ತಂದು ಎಷ್ಟು ಕಾಲವಾಯಿತೆಂದು ಒಮ್ಮೆ ಯೋಚಿಸಿ ನೋಡಬೇಕು.

ನಮ್ಮ ವೃತ್ತಿಯವರೆಲ್ಲ ಗುರುಸ್ಥಾನದಲ್ಲಿಟ್ಟಿರುವ ಎಸ್. ಆರ್. ರಂಗನಾಥನ್ ಅವರು ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಕಟ್ಟಿ ಬೆಳೆಸಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂದು ಹೇಳಿದರೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದು ಹೇಳುತ್ತದೆ. ಓದುಗನಿಗೆ ಇತರರು ಮೆಚ್ಚಿದ ಪುಸ್ತಕ ಸಿಗಬೇಕೆಂದು ಅವರು ಎಲ್ಲಿಯೂ ಸೂತ್ರ ಮಾಡಲಿಲ್ಲ ಎಂಬುದನ್ನು ತಮ್ಮ ಮಾವನವರಿಗೆ ವಿನಯದಿಂದ ತಿಳಿಸಬಹುದು.

ಪುಸ್ತಕಗಳನ್ನು ಬೀಗದ ಬೀರುವಿನಲ್ಲಿಟ್ಟು, ಚೀಟಿ ಬರೆದುಕೊಟ್ಟವರಿಗೆ ಮಾತ್ರ ತೆಗೆದುಕೊಡುತ್ತಿದ್ದ ಕಾಲದಲ್ಲಿ, ಓದುಗರು ತಾವೇ ಕಪಾಟುಗಳ ನಡುವೆ ಓಡಾಡಿ ಕೈಗೆತ್ತಿಕೊಂಡು ನೋಡಬೇಕೆಂದು ರಂಗನಾಥನ್ ಬಲವಾಗಿ ವಾದಿಸಿದರು. ಮಕ್ಕಳ ವಿಷಯದಲ್ಲಂತೂ ಇದು ನೂರಕ್ಕೆ ನೂರು ನಿಜ. ತೆರೆದ ಕಪಾಟಿನ ಎದುರು ಬಿಟ್ಟ ಮಗು ಒಂದನ್ನು ತೆಗೆಯುತ್ತದೆ, ಚಿತ್ರ ನೋಡುತ್ತದೆ, ಮೊದಲ ಪುಟ ಓದಿ ಮೂತಿ ತಿರುಗಿಸಿ ಇಡುತ್ತದೆ, ಇನ್ನೊಂದನ್ನು ತೆಗೆಯುತ್ತದೆ. ಪಕ್ಕದಲ್ಲಿ ನಿಂತ ತಂದೆತಾಯಿಯರಿಗೆ ಇದು ಕಾಲಹರಣವೆಂದು ಕಾಣುತ್ತದೆ. ಆದರೆ ಬದುಕಿನುದ್ದಕ್ಕೂ ಓದುವವರಿಗೆ ಬೇಕಾದ ಎರಡು ಶಕ್ತಿಗಳು, ಅಂದರೆ ತನಗೆ ಬೇಕಾದುದನ್ನು ಆರಿಸಿಕೊಳ್ಳುವುದು ಮತ್ತು ಬೇಡವಾದುದನ್ನು ಸಂಕೋಚವಿಲ್ಲದೆ ಅರ್ಧಕ್ಕೆ ಬಿಡುವುದು, ಹುಟ್ಟುವುದು ಅಲ್ಲಿಯೇ. ಯಾವಾಗಲೂ ಕೈಗಿಟ್ಟ ಪುಸ್ತಕವನ್ನೇ ಓದಿದ ಮಗು, ಕೈಗಿಡುವವರು ಇಲ್ಲವಾದ ದಿನ ಓದನ್ನೂ ನಿಲ್ಲಿಸುತ್ತದೆ. ಪದವಿ ಮುಗಿದ ಮೇಲೆ ಪುಸ್ತಕ ಮುಟ್ಟದ ಬುದ್ಧಿವಂತರು ನಮ್ಮಲ್ಲಿ ಇಷ್ಟೊಂದು ಮಂದಿ ಇರುವುದಕ್ಕೆ ನನಗೆ ತೋಚುವ ಕಾರಣ ಇದು.

ಆದ್ದರಿಂದ ಓದಿ ಮುಗಿಸುವುದಕ್ಕಿಂತ ಹೆಚ್ಚು ಪುಸ್ತಕಗಳನ್ನು ಅವಳೇ ಆರಿಸಿ ಮನೆಗೆ ತರಲಿ, ಓದದೆ ಹಿಂದಿರುಗಿಸಿದರೆ ಯಾರೂ ಹುಬ್ಬೇರಿಸದಿರಲಿ. ತಾವಿರುವ ಬಡಾವಣೆಗೆ ಹತ್ತಿರವೇ ಬಸವನಗುಡಿಯ ಬಿ. ಪಿ. ವಾಡಿಯಾ ರಸ್ತೆಯಲ್ಲಿ, 1945ರಲ್ಲಿ ಸ್ಥಾಪನೆಯಾದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯವಿದೆ. ಅಲ್ಲಿ ಮಕ್ಕಳ ವಿಭಾಗವೂ ಇದೆ. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ ಎಲ್ಲರಿಗೂ ಗೊತ್ತು. ಅದೇ ಉದ್ಯಾನದಲ್ಲಿ ಮಕ್ಕಳಿಗೆಂದೇ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯವಿರುವುದು ಅನೇಕ ಪೋಷಕರಿಗೆ ಗೊತ್ತಿಲ್ಲ. ಬಡಾವಣೆಯ ಶಾಖಾ ಗ್ರಂಥಾಲಯಗಳ ಬಗ್ಗೆ ಉತ್ಪ್ರೇಕ್ಷೆ ಮಾಡುವುದಿಲ್ಲ: ಹಲವೆಡೆ ಪತ್ರಿಕೆ ಓದುವ ಹಿರಿಯರೂ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ಯುವಕರೂ ಜಾಗ ತುಂಬಿರುತ್ತಾರೆ, ಮಕ್ಕಳ ಕಪಾಟು ಮೂಲೆಯಲ್ಲಿ ಧೂಳು ಹಿಡಿದಿರುತ್ತದೆ. ಆದರೂ ಹೋಗಿ ಕೇಳಬೇಕು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ತಾವು ಆಸ್ತಿ ತೆರಿಗೆ ಕಟ್ಟುವಾಗಲೆಲ್ಲ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ. ಮಕ್ಕಳ ಪುಸ್ತಕ ಕೇಳುವವರು ಬಂದರೆ ತಾನೇ ಗ್ರಂಥಪಾಲಕನೂ ಮೇಲಿನವರಿಗೆ ಬೇಡಿಕೆ ಬರೆಯಲು ಸಾಧ್ಯ.

ಉತ್ತರ: ಎರಡು ಮಕ್ಕಳ ತಂದೆ, ರಾಜಾಜಿನಗರ

ಗ್ರಂಥಪಾಲಕರ ಮಾತಿಗೆ ನನ್ನದು ಅರ್ಧ ಒಪ್ಪಿಗೆ, ಅರ್ಧ ತಕರಾರು. ಯಾವ ಪುಸ್ತಕ ಎಂಬುದನ್ನು ಮಗುವಿಗೆ ಬಿಡೋಣ. ಓದಬೇಕೋ ಫೋನ್ ನೋಡಬೇಕೋ ಎಂಬುದನ್ನೂ ಹನ್ನೆರಡು ವರ್ಷದ ಮಗುವಿಗೇ ಬಿಟ್ಟರೆ ಉತ್ತರ ಏನೆಂಬುದು ನಮಗೆಲ್ಲ ಮೊದಲೇ ಗೊತ್ತಿದೆ.

ನಾನು ಸಾಫ್ಟ್‌ವೇರ್ ಕ್ಷೇತ್ರದವನು. ಒಂದು ವಿಡಿಯೊ ಮುಗಿಯುವ ಮುನ್ನವೇ ಇನ್ನೊಂದು ತಾನಾಗಿ ಶುರುವಾಗುವಂತೆ, ಬೆರಳು ಸರಿಸಿದಷ್ಟೂ ಪುಟ ಮುಗಿಯದಂತೆ ಮಾಡುವುದಕ್ಕೆ ಎಷ್ಟು ಜನ ಎಷ್ಟು ಶ್ರಮ ಪಡುತ್ತಾರೆಂಬುದನ್ನು ಹತ್ತಿರದಿಂದ ಬಲ್ಲೆ. ಅವರಲ್ಲಿ ಅನೇಕರು ನಮ್ಮ ಊರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲೇ ಕುಳಿತಿದ್ದಾರೆ. ಪುಸ್ತಕದ ಸ್ವಭಾವ ಅದಕ್ಕೆ ಪೂರ್ತಿ ವಿರುದ್ಧ. ಮೊದಲ ಹತ್ತಿಪ್ಪತ್ತು ಪುಟ ಓದುಗನೇ ಮೈಬಗ್ಗಿಸಿ ನಡೆಯಬೇಕು, ಕಥೆ ಅವನನ್ನು ಎಳೆದುಕೊಳ್ಳುವುದು ಆಮೇಲೆ. ಈ ಎರಡರ ನಡುವೆ ಮಗು ತನ್ನ ಇಚ್ಛಾಶಕ್ತಿಯಿಂದಲೇ ಗೆಲ್ಲಲಿ ಎಂದು ಕಾಯುವುದು ನ್ಯಾಯವಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಎಲ್ಲರ ಫೋನುಗಳೂ ಅಡುಗೆಮನೆಯ ಡ್ರಾಯರಿಗೆ ಹೋಗುತ್ತವೆ. ಎಲ್ಲರದೂ ಎಂದರೆ ನನ್ನದೂ, ನನ್ನ ಹೆಂಡತಿಯದೂ, ನಮ್ಮ ಅತ್ತೆಯವರದೂ. ಆ ಹೊತ್ತಿನಲ್ಲಿ ಓದಲೇಬೇಕೆಂಬ ಕಟ್ಟಳೆ ಇಲ್ಲ; ಸುಮ್ಮನೆ ಕೂರಬಹುದು, ಚಿತ್ರ ಬರೆಯಬಹುದು, ಮಾತಾಡಬಹುದು. ಬೇಸರ ಬಂದಾಗ ಕೈಗೆಟಕುವಂತೆ ಪುಸ್ತಕಗಳು ಬಿದ್ದಿರುತ್ತವೆ, ಅಷ್ಟೆ. ದೊಡ್ಡವರು ವಾಟ್ಸ್‌ಆ್ಯಪ್ ನೋಡುತ್ತ ಮಗುವಿಗೆ ಮಾತ್ರ ಓದು ಎನ್ನುವ ಮನೆಗಳಲ್ಲಿ ಇದು ನಡೆಯುವುದಿಲ್ಲ. ಇನ್ನೊಂದು ಅಪ್ರಿಯ ಮಾತು: ಟ್ಯೂಷನ್ನನ್ನೋ ನೃತ್ಯವನ್ನೋ ಒಂದನ್ನು ಬಿಡಿಸುವ ಧೈರ್ಯ ತಮಗಿದೆಯೇ? ಬಿಡುವೇ ಇಲ್ಲದ ಮಗುವಿನ ದಿನದಲ್ಲಿ ಓದು ಮತ್ತೊಂದು ಕ್ಲಾಸಾಗಿಯೇ ಸೇರಿಕೊಳ್ಳಬೇಕಾಗುತ್ತದೆ.

ನೂರು ರೂಪಾಯಿಯ ವಿಚಾರದಲ್ಲಿ ಮಾತ್ರ ದಯವಿಟ್ಟು ತಂಗಿಯ ದಾರಿ ಹಿಡಿಯಬೇಡಿ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮುಂಚೆಯೇ ಹೇಳಿ ಬರೆಸಿದರು. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ ಆ ಮಕ್ಕಳು ಉಳಿದವರಿಗಿಂತ ಬಹಳ ಕಡಿಮೆ ಚಿತ್ರ ಬರೆಯುತ್ತಿದ್ದರು. ಮೊದಲು ಏನೂ ಹೇಳದೆ, ಬರೆದ ಮೇಲೆ ಅನಿರೀಕ್ಷಿತವಾಗಿ ಅದೇ ಪ್ರಶಸ್ತಿಪತ್ರ ಪಡೆದ ಮಕ್ಕಳಲ್ಲಿ ಈ ಇಳಿತ ಕಾಣಲಿಲ್ಲ. ಕೂಲಿಗೆಂದು ಮಾಡಿದ ಕೆಲಸ ಕೂಲಿ ನಿಂತಾಗ ತಾನೂ ನಿಲ್ಲುತ್ತದೆ. ಆ ನೂರು ರೂಪಾಯಿಯನ್ನು ಪುಸ್ತಕ ಮುಗಿಸಿದ್ದಕ್ಕೆ ಕೊಡುವ ಬದಲು ಪುಸ್ತಕ ಕೊಳ್ಳುವುದಕ್ಕೆ ಕೊಡಿ. ಗಾಂಧಿ ಬಜಾರಿನಲ್ಲೋ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕಗಳ ರಾಶಿಯಲ್ಲೋ ಅವಳನ್ನು ಬಿಟ್ಟು, ತಾವು ಹೊರಗೆ ಕಾಫಿ ಕುಡಿಯುತ್ತಿರಿ.

ಉತ್ತರ: ಕನ್ನಡ ಶಿಕ್ಷಕಿ, ಪ್ರೌಢಶಾಲೆ, ಪೀಣ್ಯ

ಒತ್ತಕ್ಷರ ಬಂದಲ್ಲೆಲ್ಲ ಮಗಳು ನಿಲ್ಲುತ್ತಾಳೆಂದು ನೀವು ಬರೆದಿರುವ ಸಂಗತಿಯನ್ನು ಇಬ್ಬರೂ ಬಿಟ್ಟುಬಿಟ್ಟಿದ್ದಾರೆ. ನನ್ನ ದೃಷ್ಟಿಯಲ್ಲಿ ಕನ್ನಡದ ಮಟ್ಟಿಗೆ ಗಂಟು ಇರುವುದೇ ಅಲ್ಲಿ.

ಗೋಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಮುಂದಿಟ್ಟ ಒಂದು ಸರಳ ಲೆಕ್ಕ ಶಿಕ್ಷಕರಿಗೆ ಬಹಳ ಉಪಯುಕ್ತ. ಓದಿ ಅರ್ಥಮಾಡಿಕೊಳ್ಳುವುದು ಎರಡು ಶಕ್ತಿಗಳ ಗುಣಲಬ್ಧ: ಅಕ್ಷರಗಳನ್ನು ಬಿಡಿಸಿ ಪದವಾಗಿಸುವ ಶಕ್ತಿ ಒಂದು, ಕೇಳಿದ ಮಾತನ್ನು ಅರಿಯುವ ಶಕ್ತಿ ಇನ್ನೊಂದು. ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ತೀರ ಕಡಿಮೆಯಾದರೆ ಇನ್ನೊಂದು ಎಷ್ಟಿದ್ದರೂ ಫಲ ಅಲ್ಪವೇ. ಗಾದೆಗೆ ಎದುರು ಗಾದೆ ಹೇಳುವ ನಿಮ್ಮ ಮಗಳಲ್ಲಿ ಎರಡನೆಯದು ಸಮೃದ್ಧವಾಗಿದೆ, ಮೊದಲನೆಯದು ಬಲಿತಿಲ್ಲ. ಆಯಾಸವನ್ನು ನಾವು ಹಿರಿಯರು ಆಸಕ್ತಿ ಇಲ್ಲವೆಂದು ಓದಿಕೊಳ್ಳುತ್ತೇವೆ, ಕೆಲವೊಮ್ಮೆ ಭಾಷಾಭಿಮಾನ ಇಲ್ಲವೆಂದೂ ಗದರುತ್ತೇವೆ.

ಅಕ್ಷರ ಬಲಿಯುವುದಕ್ಕೆ ಕನ್ನಡದಲ್ಲಿ ಕಾಲ ಬೇಕು. ವರ್ಣಮಾಲೆಯ 49 ಅಕ್ಷರ ಬಂದೊಡನೆ ಕೆಲಸ ಮುಗಿಯುವುದಿಲ್ಲ. ಕಾಗುಣಿತದ ರೂಪಗಳೇ ನಾಲ್ಕು ನೂರನ್ನು ದಾಟುತ್ತವೆ, ಒತ್ತಕ್ಷರಗಳು ಅದರ ಮೇಲೆ. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಮೇಲಿನ ಹಿಡಿತ ಮೊದಲೆರಡು ತರಗತಿಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮುಂದಿನ ವರ್ಷಗಳಿಗೂ ಹಬ್ಬುತ್ತದೆಂದು ತೋರಿಸಿತು. ವಾರಕ್ಕೆ ಕೆಲವೇ ಪೀರಿಯಡ್ ಕನ್ನಡ ಇರುವ ಶಾಲೆಯಲ್ಲಿ, ಪರೀಕ್ಷೆ ದಾಟುವಷ್ಟು ಬಂತೆಂದರೆ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ದಾರಿಯ ನಡುವೆ ನಿಂತ ಇಂಥ ಮಕ್ಕಳಿಂದ ಬೆಂಗಳೂರು ತುಂಬಿದೆ.

ಇದಕ್ಕೆ ಮದ್ದು ಸುಲಭವಾದ ಪಠ್ಯವನ್ನು ಧಾರಾಳವಾಗಿ ಓದುವುದು. ಆದರೆ ಹನ್ನೆರಡು ವರ್ಷದವಳ ಕೈಗೆ ಆನೆ ಇಲಿಯ ಕಥೆ ಕೊಟ್ಟರೆ ಅವಳಿಗೆ ಅವಮಾನವಾಗುತ್ತದೆ, ಆಗಲೇಬೇಕು. ನನ್ನ ತರಗತಿಯಲ್ಲಿ ಫಲ ಕೊಟ್ಟ ಉಪಾಯವೆಂದರೆ ಚಿಕ್ಕ ಮಕ್ಕಳಿಗೆ ಓದಿ ಹೇಳುವ ಜವಾಬ್ದಾರಿಯನ್ನು ದೊಡ್ಡ ಮಕ್ಕಳಿಗೆ ವಹಿಸುವುದು. ಪಕ್ಕದ ಮನೆಯ ಐದು ವರ್ಷದ ಮಗುವಿಗೋ ತಂಗಿಯ ಮಗನಿಗೋ ಅವಳು ಕಥೆ ಓದಿ ಹೇಳಬೇಕಾದರೆ, ಮೊದಲು ತಾನೊಮ್ಮೆ ಗುಟ್ಟಾಗಿ ಓದಿ ಸಿದ್ಧಳಾಗಬೇಕು. ಆಗ ಸುಲಭದ ಪುಸ್ತಕ ಅವಳ ದಡ್ಡತನದ ಗುರುತಾಗುವುದಿಲ್ಲ, ಅಕ್ಕನ ಕೆಲಸದ ಸಾಮಗ್ರಿಯಾಗುತ್ತದೆ. ಪುಸ್ತಕಗಳಿಗೆ ಬರವಿಲ್ಲ: 2004ರಲ್ಲಿ ಇದೇ ಊರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿ ಉಚಿತವಾಗಿ ಸಿಗುತ್ತವೆ; ಅನೇಕ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇವೆ.

ಇನ್ನೊಂದು, ನೀವು ನಿಲ್ಲಿಸಿದ ರಾತ್ರಿಯ ಓದನ್ನು ಮತ್ತೆ ಆರಂಭಿಸಿ. ಮಗು ತಾನೇ ಓದಲು ಕಲಿತ ಕೂಡಲೇ ಓದಿ ಹೇಳುವುದನ್ನು ನಿಲ್ಲಿಸಬೇಕೆಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು. ಕುಮಾರವ್ಯಾಸನ ಭಾರತವನ್ನು ಶತಮಾನಗಳ ಕಾಲ ಕನ್ನಡಿಗರು ಬಹುಮಟ್ಟಿಗೆ ಕಿವಿಯಿಂದಲೇ ಓದಿದವರು. ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಹೇಳುವ ಗಮಕದ ಸಭೆಗಳಲ್ಲಿ ಅಕ್ಷರ ಬಾರದವರೂ ಪಂಡಿತರೂ ಒಂದೇ ಚಾಪೆಯಲ್ಲಿ ಕೂರುತ್ತಿದ್ದರು, ಮತ್ತು ಅವರಲ್ಲಿ ಯಾರಿಗೂ ಅದು ಎಳೆಯರ ಆಟವೆಂದು ಅನ್ನಿಸಿರಲಿಲ್ಲ. ನೀವು ಓದುತ್ತಿರಿ, ಪುಟ ಅವಳ ಕಣ್ಣಿಗೂ ಕಾಣುವಂತಿರಲಿ; ಕಿವಿಗೆ ಬಿದ್ದ ಪದದ ಆಕಾರವನ್ನು ಕಣ್ಣು ತಾನಾಗಿ ಹಿಡಿದುಕೊಳ್ಳುತ್ತದೆ. ಈ ವಯಸ್ಸಿಗೆ ನಾನು ಧೈರ್ಯವಾಗಿ ಕೊಡುವುದು ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆ್ಯಂಡರ್ಸನ್ನರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವ ಕಥೆಗಳನ್ನು. ನರಭಕ್ಷಕ ಪೊದೆಯ ಹಿಂದಿದೆ ಎನ್ನುವಾಗ ನೀವು ಪುಸ್ತಕ ಮುಚ್ಚಿ ಹಾಲಿಗೆ ಹೆಪ್ಪು ಹಾಕಲು ಎದ್ದರೆ, ಮುಂದಿನ ಎರಡು ಪುಟಗಳಲ್ಲಿ ಒತ್ತಕ್ಷರಗಳು ಅಷ್ಟೇನೂ ಅಡ್ಡಬರುವುದಿಲ್ಲ.

ಕನ್ನಡ ಮೊದಲೋ ಇಂಗ್ಲಿಷ್ ಮೊದಲೋ ಎಂಬ ಸರದಿ ಹಚ್ಚಬೇಡಿ. ಇಂಗ್ಲಿಷಿನಲ್ಲಿ ಸರಾಗವಾಗಿ ಓದುತ್ತಾಳೆಂದರೆ ಓದಿನ ಸುಖ ಸದ್ಯಕ್ಕೆ ಅಲ್ಲಿ ಸಿಗಲಿ, ಕನ್ನಡ ಕಿವಿಯ ದಾರಿಯಿಂದ ಬರಲಿ. ಇಂಗ್ಲಿಷ್ ಪುಸ್ತಕ ಓದಿದ ತಪ್ಪಿಗೆ ಎರಡು ಪುಟ ಕನ್ನಡ ಎಂಬಂಥ ಶಿಕ್ಷೆಯ ಲೆಕ್ಕ ಮಾತ್ರ ಬೇಡ.

ಪ್ರಶ್ನೆ ಕೇಳಿದವರು: ಹನುಮಂತನಗರದ ತಾಯಿ

ಇಷ್ಟು ಸಾವಧಾನವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ರಾತ್ರಿಯ ಓದನ್ನು ಈ ವಾರವೇ ಶುರುಮಾಡುತ್ತೇನೆ. ಟ್ಯೂಷನ್ ಬಿಡಿಸುವ ಮಾತು ಮನೆಯಲ್ಲಿ ಇನ್ನೂ ಆಡಿಲ್ಲ.

ಮೂರು ಸಂದೇಹಗಳು ಉಳಿದಿವೆ. ಮಗಳು ಏನೂ ಓದುವುದಿಲ್ಲವೆಂದು ಬರೆದಿದ್ದೆ. ವಿಚಾರಿಸಿದಾಗ, ಕೊರಿಯಾದ ಗಾಯಕರ ಅಭಿಮಾನಿಗಳು ಬರೆಯುವ ಕಂತು ಕಂತಿನ ಕಥೆಗಳನ್ನು ಫೋನಿನಲ್ಲಿ ಬಹಳ ಓದುತ್ತಾಳೆಂದು ತಿಳಿಯಿತು. ಇದನ್ನು ಓದೆಂದು ಎಣಿಸಬಹುದೆ? ಎರಡನೆಯದು, ಮಾವನವರ ಕಾದಂಬರಿಗಳನ್ನು ಮೇಜಿನಿಂದ ತೆಗೆದರೆ ಅವರು ನೊಂದುಕೊಳ್ಳುತ್ತಾರೆ. ಮೂರನೆಯದು ಶಾಲೆಯ ದಿನಚರಿ. ಅದನ್ನು ಬರೆಯದೆ ಇರುವಂತಿಲ್ಲ.

ಉತ್ತರ: ಪದವಿ ವಿದ್ಯಾರ್ಥಿ, ಜಯನಗರ

ಮೇಡಂ, ಇಲ್ಲಿ ಬರೆದವರಲ್ಲಿ ನಿಮ್ಮ ಮಗಳ ವಯಸ್ಸಿಗೆ ಹತ್ತಿರದವನು ನಾನೇ ಇರಬೇಕು, ಆದ್ದರಿಂದ ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಖಂಡಿತವಾಗಿಯೂ ಅದು ಓದು. ಅಂಥ ಕಥೆಗಳಲ್ಲಿ ಕೆಲವು ಅಚ್ಚಾದರೆ ನಿಮ್ಮ ಮಾವನವರ ಕಾದಂಬರಿಗಳಷ್ಟೇ ದಪ್ಪವಾಗುತ್ತವೆ. ಮುಂದಿನ ಕಂತಿಗಾಗಿ ಕಾಯುವುದು, ಪಾತ್ರ ಹೀಗೇಕೆ ಮಾಡಿತೆಂದು ಅಪರಿಚಿತರೊಡನೆ ವಾದಿಸುವುದು, ತಾನೇ ಒಂದು ಕಥೆ ಬರೆಯಲು ಹೊರಡುವುದು, ಇವೆಲ್ಲ ಓದುಗರ ಲಕ್ಷಣಗಳೇ. ಬರಹದ ಮಟ್ಟ ಕಳಪೆಯಾಗಿರಬಹುದು, ವಯಸ್ಸಿಗೆ ತಕ್ಕುದಲ್ಲದ ಕಥೆಗಳೂ ಅಲ್ಲಿರುತ್ತವೆ. ಆದ್ದರಿಂದ ಒಂದಿಷ್ಟು ಗಮನವಿಡುವುದು ಅಗತ್ಯ. ಆದರೆ ಗಮನವಿಡುವ ಒಳ್ಳೆಯ ಉಪಾಯ ಕಥೆ ಏನಾಯಿತೆಂದು ಅವಳನ್ನೇ ಕೇಳುವುದು. ಅದರಿಂದ ಏನು ಕಲಿತೆ ಎಂದು ಮಾತ್ರ ಕೇಳಬೇಡಿ. ಸಿನಿಮಾ ನೋಡಿ ಬಂದವರನ್ನು ಯಾರೂ ಹಾಗೆ ಕೇಳುವುದಿಲ್ಲ, ಪುಸ್ತಕ ಓದಿದವರನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ನಾನೂ ಆ ವಯಸ್ಸಿನಲ್ಲಿ ಓದು ಬಿಟ್ಟಿದ್ದವನು. ಹಿಂದಿರುಗಿದ್ದು ಕ್ರಿಕೆಟಿಗರ ಆತ್ಮಕಥೆಗಳಿಂದ, ಅದೂ ತರಗತಿಯ ಗೆಳೆಯನೊಬ್ಬ ಓದುತ್ತಿದ್ದ ಎಂಬ ಕಾರಣಕ್ಕೆ. ಹದಿಮೂರು ಹದಿನಾಲ್ಕರಲ್ಲಿ ಅಪ್ಪ ಅಮ್ಮ ಹೇಳಿದ ಪುಸ್ತಕಕ್ಕಿಂತ ಪಕ್ಕದ ಬೆಂಚಿನವರು ಹೇಳಿದ ಪುಸ್ತಕಕ್ಕೆ ತೂಕ ಹೆಚ್ಚು. ಇಬ್ಬರು ಮೂವರು ಗೆಳತಿಯರು ತಮ್ಮ ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳುವಂತಾದರೆ ಹಿರಿಯರು ಮಾಡಬೇಕಾದ ಕೆಲಸ ಬಹಳ ಉಳಿಯುವುದಿಲ್ಲ.

ಸಾಧ್ಯವಾದರೆ ಒಂದು ಶನಿವಾರ ಬೆಳಿಗ್ಗೆ ಅವಳನ್ನು ಕಬ್ಬನ್ ಉದ್ಯಾನಕ್ಕೆ ಕರೆತನ್ನಿ. ಕಬ್ಬನ್ ರೀಡ್ಸ್ ಎಂಬ ಹೆಸರಿನಲ್ಲಿ ಕೆಲವು ವರ್ಷಗಳಿಂದ ಅಲ್ಲಿ ಜನ ಸೇರಿ ಓದುತ್ತಾರೆ. ಚಾಪೆ ತಂದು, ಮರದ ಕೆಳಗೆ ಹಾಸಿ, ತಮ್ಮ ತಮ್ಮ ಪುಸ್ತಕವನ್ನು ಮೌನವಾಗಿ ಓದಿ ಎದ್ದು ಹೋಗುತ್ತಾರೆ. ಭಾಷಣವಿಲ್ಲ, ಚರ್ಚೆಯಿಲ್ಲ, ಏನು ಓದುತ್ತಿದ್ದೀಯೆಂದು ವಿಚಾರಿಸುವವರಿಲ್ಲ. ಇಲ್ಲಿ ಶುರುವಾದದ್ದು ಈಗ ದೇಶದ ಬೇರೆ ಬೇರೆ ನಗರಗಳಿಗೂ ಹರಡಿದೆ. ಬಂದವರಲ್ಲಿ ಬಹುಪಾಲು ಇಪ್ಪತ್ತು ಮೂವತ್ತರ ಆಸುಪಾಸಿನವರು. ಓದುವುದೆಂದರೆ ಶಾಲೆಯವರಿಗೂ ತಾತಂದಿರಿಗೂ ಸೇರಿದ್ದೆಂದು ನಂಬಿದ ಹುಡುಗಿಗೆ ಆ ನೋಟವೇ ಸಾಕಾಗಬಹುದು. ಫೋನಿನಲ್ಲಿ ತನ್ನ ಕಥೆಯನ್ನೇ ಓದುತ್ತ ಕುಳಿತರೂ ಕೂರಲಿ ಬಿಡಿ.

ಉತ್ತರ: ನಿವೃತ್ತ ಗ್ರಂಥಪಾಲಕ, ಮಲ್ಲೇಶ್ವರ

ಮಾವನವರ ವಿಷಯಕ್ಕೆ ಒಂದು ಮಾತು. ಅವರ ತಲೆಮಾರಿನ ಬೆಂಗಳೂರಿಗರು ಓದುಗರಾದದ್ದು ಹೇಗೆಂಬುದನ್ನು ಅವರಿಂದಲೇ ಮಗಳ ಎದುರು ಹೇಳಿಸಿ. ಬಡಾವಣೆಗೊಂದರಂತೆ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಕ್ಕಿಷ್ಟು ಪೈಸೆಯೆಂದು ಬಾಡಿಗೆ ಕೊಟ್ಟು ತಂದದ್ದು ಬಹುತೇಕ ಪತ್ತೇದಾರಿ ಕಾದಂಬರಿಗಳು. ವಾರಪತ್ರಿಕೆ ಬಂದ ದಿನ ಧಾರಾವಾಹಿಯ ಕಂತನ್ನು ಮೊದಲು ಯಾರು ಓದಬೇಕೆಂದು ಮನೆಮನೆಯಲ್ಲೂ ಜಗಳ. ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿ ಏಟು ತಿಂದವರೂ ಇದ್ದಾರೆ. ದೊಡ್ಡ ಸಾಹಿತ್ಯ ಬಂದದ್ದು ಆಮೇಲೆ. ಇನ್ನೂ ಹಿಂದೆ ಹೋದರೆ, ಗಳಗನಾಥರು ರಮ್ಯವಾದ ಐತಿಹಾಸಿಕ ಕಾದಂಬರಿಗಳನ್ನು ಬರೆದು, ಆ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದವರೆಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಕೊರಿಯಾದ ಗಾಯಕರ ಕಥೆಗೂ ಆ ಪತ್ತೇದಾರಿ ಕಾದಂಬರಿಗೂ ನನಗೇನೂ ದೊಡ್ಡ ಅಂತರ ಕಾಣುವುದಿಲ್ಲ.

ದಪ್ಪ ಕಾದಂಬರಿಗಳನ್ನು ಮೇಜಿನಿಂದ ಬೀರುವಿಗೆ ಮರಳಿಸಲು ಮಾವನವರೇ ಒಪ್ಪುವ ದಾರಿಯೊಂದಿದೆ. ಶಿಕ್ಷಕಿಯವರು ಸೂಚಿಸಿದ ರಾತ್ರಿಯ ಓದಿನಲ್ಲಿ ವಾರಕ್ಕೊಂದೆರಡು ದಿನ ಅವರ ಸರದಿ ಇರಲಿ. ತಮಗೆ ಪ್ರಿಯವಾದ ಕಾದಂಬರಿಯ ಒಂದು ಪ್ರಸಂಗವನ್ನಷ್ಟೇ ಓದಿ ಹೇಳಲಿ. ಇಡೀ ಪುಸ್ತಕ ಬೇಕೆನಿಸಿದ ದಿನ ಅದು ಯಾವ ಬೀರುವಿನಲ್ಲಿದೆಯೆಂದು ಮಗುವಿಗೆ ಗೊತ್ತಿರುತ್ತದೆ.

ಉತ್ತರ: ಕನ್ನಡ ಶಿಕ್ಷಕಿ, ಪ್ರೌಢಶಾಲೆ, ಪೀಣ್ಯ

ದಿನಚರಿಯ ಬಗ್ಗೆ: ಶಾಲೆಯವರನ್ನು ದೂಷಿಸದೆ ಪೋಷಕರ ಸಭೆಯಲ್ಲಿ ತರಗತಿಯ ಶಿಕ್ಷಕರೊಡನೆ ಮಾತನಾಡಿ. ಮಕ್ಕಳು ಓದಿದರೆಂಬುದಕ್ಕೆ ಪುರಾವೆ ತೋರಿಸಬೇಕಾದ ಒತ್ತಡ ಅವರ ಮೇಲೂ ಇರುತ್ತದೆ, ಸಾರಾಂಶ ಬರೆಸುವುದು ಆ ಪುರಾವೆಯ ಅತ್ಯಂತ ಸುಲಭದ ರೂಪ. ಸಾರಾಂಶದ ಬದಲು ಒಂದೇ ವಾಕ್ಯ ಬರೆದರೆ ಸಾಕೆ ಎಂದು ಕೇಳಿ ನೋಡಿ. ಈ ಪುಸ್ತಕವನ್ನು ತರಗತಿಯ ಯಾವ ಗೆಳತಿಗೆ ಕೊಡುತ್ತೀ, ಏಕೆ ಎಂಬಂಥ ವಾಕ್ಯ. ಅದನ್ನು ರಕ್ಷಾಪುಟದಿಂದ ನಕಲು ಮಾಡುವುದು ಕಷ್ಟ, ತಿದ್ದುವ ಶಿಕ್ಷಕರಿಗೂ ಹೊರೆ ಕಡಿಮೆ. ಅವರು ಒಪ್ಪದಿದ್ದರೆ ದಿನಚರಿಗೆಂದು ತೆಳ್ಳಗಿನ ಪುಸ್ತಕಗಳನ್ನೇ ಓದಿ ಬರೆದು ಮುಗಿಸಲಿ, ಅದನ್ನು ಮನೆಗೆಲಸವೆಂದೇ ತಿಳಿಯಲಿ. ಮನೆಯಲ್ಲಿ ತನಗಾಗಿ ಓದುವ ಪುಸ್ತಕಗಳ ಹೆಸರನ್ನು ಆ ದಿನಚರಿಯಲ್ಲಿ ಬರೆಯಲೇಬೇಕೆಂದಿಲ್ಲ.

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಒಯ್ದವರ ಲೆಕ್ಕ ಬರೆಯುವ ದಾಖಲೆ ಪುಸ್ತಕದಲ್ಲಿ ‘ಅರ್ಧಕ್ಕೆ ಬಿಟ್ಟೆ’ ಎಂಬ ಕಲಂ ಒಂದನ್ನು ಸೇರಿಸಿದ್ದೇವೆ, ಅದಕ್ಕೆ ಕಾರಣ ಕೇಳುವುದಿಲ್ಲ. ಆ ಕಲಮಿನಲ್ಲಿ ಹೆಚ್ಚು ಗುರುತು ಹಾಕುವ ಮಕ್ಕಳೇ ಪುಸ್ತಕಗಳನ್ನೂ ಹೆಚ್ಚು ಒಯ್ಯುತ್ತಿದ್ದಾರೆ.